ಕಾರಿನ ಪಾರ್ಟ್ ಮನೆಯಲ್ಲೇ ಮಾಡೋದಾ, ಕಂಪನಿಯದ್ದು ತರಿಸೋದಾ?

ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಓಡುವಾಗ ಇದು ಮುರಿದರೆ ಏನಾಗುತ್ತದೆ?

ಏರ್ ಫಿಲ್ಟರ್ ಪಕ್ಕದ ಹೀಟ್ ಶೀಲ್ಡ್ (ಎಂಜಿನ್ ಬಿಸಿ ತಡೆಯುವ ತಗಡು) ಸಡಿಲವಾದರೆ ಸುಮ್ನೆ ಗಲಗಲ ಸದ್ದು, ಅಷ್ಟೇ ಅಲ್ವಾ? ರಟ್ಟಿನಲ್ಲಿ ಅಳತೆ ತೆಗೆದು, ಅಲ್ಯೂಮಿನಿಯಂ ಶೀಟು ಕತ್ತರಿಸಿ, ಅಂಚು ಉಜ್ಜಿ ರಬ್ಬರ್ ಬೀಡಿಂಗ್ ಕೂರಿಸಿದರೆ ಒಂದು ಭಾನುವಾರದ ಕೆಲಸ. ಬ್ರೇಕ್ ಹೋಸ್, ಚಕ್ರವನ್ನು ಹಿಡಿದಿಡುವ ಸಸ್ಪೆನ್ಷನ್ ಆರ್ಮ್ ಮಾತ್ರ ಕಂಪನಿಯದ್ದೇ ಆಗಲಿ. ಅಲ್ಲಿ ಚೌಕಾಸಿ ಬೇಡ.

ಎಕ್ಸಾಸ್ಟ್ ಪೈಪು ಮಾಡಿಸಬಹುದು, ಆದರೆ ಲೋಹ ನೋಡಿ. ನಾನು ಕಾಸರಗೋಡಿನ ಕಡಲತೀರದ ಉಪ್ಪಳದಲ್ಲಿ ಮೈಲ್ಡ್ ಸ್ಟೀಲಿನದ್ದು ಮಾಡಿಸಿದ್ದೆ. ಕಡಲಗಾಳಿಗೆ ಎರಡೇ ಮಳೆಗಾಲದಲ್ಲಿ ಬೆಸುಗೆಯ ಸುತ್ತ ತುಕ್ಕು ತಿಂದು ಬೆರಳು ತೂರುವಷ್ಟು ತೂತು. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು ಜಾಸ್ತಿ ಬಾಳುತ್ತದೆ. ಸದ್ದು ಜೋರಾದರೆ ಯಾರು ಮಾಡಿದ್ದೆಂದು ಯಾರೂ ಕೇಳುವುದಿಲ್ಲ, ದಂಡ ನಿಮಗೇ; ಕರ್ನಾಟಕ-ಕೇರಳ ಗಡಿಯ ತಲಪಾಡಿಯ ಆಚೆಯೂ ಈಚೆಯೂ ಮೋಟಾರು ವಾಹನ ಕಾಯ್ದೆ ಒಂದೇ.