ಹೋಲ್‌ಸ್ಟರ್ ಹೊಲಿಯಲು ಬಂದೂಕು ಬೇಡ, ಮರದ ಅಚ್ಚು ಸಾಕು

ಧಾರವಾಡ ಸೀಮೆಯಲ್ಲಿ ಕೂತು ತೊಗಲಿನ ಹೋಲ್‌ಸ್ಟರ್ ಹೊಲಿಯಲು ಹೊರಟವರಿಗೆ ಒಂದು ಅನುಕೂಲ ಇದೆ. ಬೇಕಾದ ತೊಗಲು ನಮ್ಮ ಕಡೆಯದೇ. ಕೊಲ್ಹಾಪುರಿ ಚಪ್ಪಲಿಯ ಅಟ್ಟೆಗೆ ಎಂಥ ತೊಗಲು ಹಾಕುತ್ತಾರೋ, ರಿವಾಲ್ವರ್ ಇಡುವ ಚೀಲಕ್ಕೂ ಅಂಥದ್ದೇ ಬೇಕು. ಹೆಸರು ಕೊಲ್ಹಾಪುರದ್ದು, ನಿಜ. ಆದರೆ 2019ರಲ್ಲಿ ಆ ಚಪ್ಪಲಿಗೆ ಸಿಕ್ಕ ಜಿಐ (ಭೌಗೋಳಿಕ ಗುರುತು) ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರವೂ ಇವೆ. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಥರದ ಚಪ್ಪಲಿಯನ್ನು ತನ್ನ ಫ್ಯಾಷನ್ ಶೋದಲ್ಲಿ ತೋರಿಸಿದಾಗ ಎದ್ದ ಗದ್ದಲ ನೆನಪಿರಬೇಕಲ್ವಾ?

ಇಂಥ ತೊಗಲಿನ ಹೋಲ್‌ಸ್ಟರ್ ಯಾರು ಕೇಳುತ್ತಾರೆ ಅಂತೀರಾ? ಸೈನ್ಯದಿಂದ ನಿವೃತ್ತರಾಗಿ ಕಾವಲು ಕೆಲಸಕ್ಕೆ ಸೇರಿದವರು, ಲೈಸೆನ್ಸ್ ಇಟ್ಟುಕೊಂಡ ವ್ಯಾಪಾರಸ್ಥರು. ಅವರಿಗೆ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ನೈಲಾನ್ ಬಟ್ಟೆಯ ಚೀಲ. ಎಲ್ಲ ಬಂದೂಕಿಗೂ ಅದೇ ಅಳತೆ, ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. "ಅಳತೆಗೆ ಬೇಕು, ನಾಳೆ ಕೊಡ್ತೀನಿ" ಎಂದು ಗೆಳೆಯರ ರಿವಾಲ್ವರನ್ನು ಒಂದು ರಾತ್ರಿ ಮನೆಯಲ್ಲಿ ಇಟ್ಟುಕೊಂಡರೂ ನೀವು ಸಿಕ್ಕಿಬೀಳುತ್ತೀರಿ. ಇನ್ನೊಂದು, 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಬಂದೂಕು ಪೂರ್ತಿ ಮುಚ್ಚಿರಬೇಕು. ಸಿನಿಮಾದ ಹೀರೊಗಳ ಹಾಗೆ ಹಿಡಿಕೆ ಹೊರಗೆ ಕಾಣುವ ಚೀಲ ನೋಡಲು ಚೆಂದ, ಊರಲ್ಲಿ ಹಾಕಿಕೊಂಡು ತಿರುಗಲು ಅಲ್ಲ. ಆದ್ದರಿಂದ ಇಲ್ಲಿ ಹೇಳುತ್ತಿರುವುದು ಮುಚ್ಚಳ ಇರುವ, ಹಳೇ ಮಿಲಿಟರಿ ಮಾದರಿಯ ಚೀಲ.

ಅಚ್ಚು

ಬಂದೂಕು ಮನೆಗೆ ತರುವಂತಿಲ್ಲ ಅಂದ ಮೇಲೆ ಅಳತೆ ಎಲ್ಲಿಂದ? ಮಾಲೀಕರ ಮನೆಗೆ ಹೋಗಿ. ಅವರೇ ಗುಂಡು ತುಂಬುವ ಸಿಲಿಂಡರ್ ಬಿಚ್ಚಿ, ಗುಂಡು ತೆಗೆದು, ಖಾಲಿ ಇದೆ ಎಂದು ತೋರಿಸಲಿ, ನೀವೂ ಕಣ್ಣಾರೆ ನೋಡಿ. ಬಿಳಿ ಹಾಳೆಯ ಮೇಲೆ ಮಲಗಿಸಿ ಪೆನ್ಸಿಲ್ ನೇರ ಹಿಡಿದು ಸುತ್ತ ಗೆರೆ ಎಳೆಯಿರಿ. ಆಮೇಲೆ ನಳಿಕೆ, ಸಿಲಿಂಡರ್, ಹಿಡಿಕೆ, ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಬಳೆ) ಎಷ್ಟೆಷ್ಟು ದಪ್ಪ ಎಂದು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ಆ ಗೆರೆಯ ಪಕ್ಕದಲ್ಲೇ ಬರೆದುಕೊಳ್ಳಿ. ಹಾಳೆಯ ಮೇಲೆ ಬಂದೂಕಿನ ಮಾದರಿಯನ್ನೂ ಬರೆಯಿರಿ. ಕಾನ್ಪುರದಲ್ಲಿ ತಯಾರಾಗುವ .32 ರಿವಾಲ್ವರ್ ಬೇರೆ, ಅಲ್ಲಿಯದೇ ನಿರ್ಭೀಕ್ ಬೇರೆ. ಒಂದರ ಅಚ್ಚು ಇನ್ನೊಂದಕ್ಕೆ ಕೂರುವುದಿಲ್ಲ.

ಈ ಹಾಳೆಯನ್ನು ಬಡಿಗ್ಯಾರ ಹತ್ತಿರ ಒಯ್ದರೆ ಸಾಗವಾನಿ ತುಂಡಿನಲ್ಲಿ ಬಂದೂಕಿನದೇ ಆಕಾರದ ಅಚ್ಚು ಕೆತ್ತಿ ಕೊಡುತ್ತಾರೆ. ಕೈಯಲ್ಲಿ ಅರ, ಚಾಕು ಆಡುತ್ತಿದ್ದರೆ ನೀವೇ ಕೆತ್ತಬಹುದು. ಸಣ್ಣಪುಟ್ಟ ಗುಂಡಿ, ಸ್ಕ್ರೂ ಎಲ್ಲ ಬೇಡ. ಸಿಲಿಂಡರಿನ ಉಬ್ಬು, ಟ್ರಿಗರ್ ಗಾರ್ಡಿನ ಬಾಗು, ನಳಿಕೆಯ ಉದ್ದ, ಇವು ಮೂರು ಕರಾರುವಾಕ್ಕಾಗಿ ಬರಬೇಕು. ಟ್ರಿಗರ್ ಇರುವ ತೂತನ್ನು ಕೊರೆಯದೆ ತುಂಬಿಯೇ ಬಿಡಿ. ಕಾರಣ ಮುಂದೆ ಹೇಳುತ್ತೇನೆ. ನಳಿಕೆಯ ತುದಿಯಲ್ಲಿ ಗುರಿ ನೋಡಲು ಒಂದು ಮೊನೆ ಇರುತ್ತದಲ್ಲ, ಅಲ್ಲಿಂದ ಹಿಂದಿನವರೆಗೆ ನಳಿಕೆಯ ಮೇಲೆ ಒಂದು ತೆಳು ಕಡ್ಡಿ ಅಂಟಿಸಿ. ಆಗ ಚೀಲದೊಳಗೆ ಆ ಮೊನೆಗೆ ಒಂದು ದಾರಿ ಆಗುತ್ತದೆ, ತೆಗೆಯುವಾಗ ತೊಗಲು ಕೆರೆಯುವುದಿಲ್ಲ.

ಅಚ್ಚಿಗೆ ಕಬ್ಬಿಣದ ಮೊಳೆ ಹೊಡೆಯಲೇಬೇಡಿ. ಒದ್ದೆ ತೊಗಲಿಗೆ ಕಬ್ಬಿಣ ತಾಗಿದರೆ ಅಲ್ಲೊಂದು ಕಪ್ಪು ಕಲೆ ಬೀಳುತ್ತದೆ, ಅದು ಹೋಗುವುದಿಲ್ಲ. ಎರಡು ಕೋಟ್ ವಾರ್ನಿಷ್ ಹಚ್ಚಿ ಒಣಗಿಸಿ, ಅಷ್ಟೇ. ಕಪ್ಪು ಬಣ್ಣ ಮಾತ್ರ ಬೇಡ. ಕಿಟಕಿಯಲ್ಲಿ ಒಣಗಲು ಇಟ್ಟಿದ್ದನ್ನು ನೋಡಿ ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡಿಯಾರು!

ತೊಗಲು

ಅಂಗಡಿಯ ಬ್ಯಾಗು, ಜಾಕೆಟ್ಟುಗಳ ತೊಗಲು ಹೆಚ್ಚಾಗಿ ಕ್ರೋಮ್ ಹದದ್ದು, ಅಂದರೆ ಕ್ರೋಮಿಯಂ ಲವಣ ಹಾಕಿ ಹದ ಮಾಡಿದ್ದು. ಮೆತ್ತಗಿರುತ್ತದೆ, ನೀರಿಗೆ ಜಗ್ಗುವುದಿಲ್ಲ, ಆದರೆ ಎಷ್ಟು ಒತ್ತಿದರೂ ಆಕಾರ ಹಿಡಿಯುವುದಿಲ್ಲ. ನಮಗೆ ಬೇಕಾದದ್ದು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ್ದು. ಅದನ್ನು ನೆನೆಸಿದರೆ ಒತ್ತಿದ ಹಾಗೆ ಬಾಗುತ್ತದೆ, ಒಣಗಿದ ಮೇಲೆ ಅದೇ ಆಕಾರದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಗುರುತಿಸುವುದು ಸುಲಭ. ಕತ್ತರಿಸಿದ ಅಂಚು ನೋಡಿ. ಒಳಗಿನವರೆಗೂ ಕಂದು ಇದ್ದರೆ ಸರಿ, ನಡುವೆ ನೀಲಿ ಬೂದಿ ಬಣ್ಣ ಕಂಡರೆ ಕ್ರೋಮ್. ಅನುಮಾನ ಬಂದರೆ ಒಂದು ಹನಿ ನೀರು ಬಿಡಿ. ನಮಗೆ ಬೇಕಾದ ತೊಗಲು ನೀರು ಕುಡಿದು ತಕ್ಷಣ ಕಪ್ಪಾಗುತ್ತದೆ.

ಎಮ್ಮೆಯದು, ಮೂರರಿಂದ ಮೂರೂವರೆ ಮಿಲಿಮೀಟರ್ ದಪ್ಪ, ಬೆನ್ನಿನ ಭಾಗ. ಹೊಟ್ಟೆಯ ಭಾಗ ಅಗ್ಗಕ್ಕೆ ಸಿಕ್ಕರೂ ಬೇಡ, ಅದು ಎಳೆದ ಕಡೆ ಹಿಗ್ಗುತ್ತದೆ. ಎಲ್ಲಿ ಸಿಗುತ್ತದೆ ಎಂದು ಆನ್‌ಲೈನಿನಲ್ಲಿ ಹುಡುಕುವ ಮೊದಲು ನಿಮ್ಮ ಓಣಿಯಲ್ಲಿ ಚಪ್ಪಲಿ ಹೊಲಿಯುವ ಕಾಕಾ ಅವರನ್ನು ಕೇಳಿ. ಎಲ್ಲಿಂದ ತರುತ್ತಾರೆ ಎಂದು ಅವರಿಗೆ ಗೊತ್ತು, ಸಾಲದ್ದಕ್ಕೆ ತೊಗಲು ಕತ್ತರಿಸುವ ರಂಪಿಗೆ ಹಿಡಿಯುವುದು ಹೇಗೆ ಎಂದೂ ತೋರಿಸಿಕೊಡುತ್ತಾರೆ. ಇದು ತಲೆತಲಾಂತರದಿಂದ ಅವರು ಮಾಡಿಕೊಂಡು ಬಂದ ಕೆಲಸ. ನಾವು ಹವ್ಯಾಸ ಅಂತೀವಿ, ಅವರಿಗೆ ಅದು ಹೊಟ್ಟೆಪಾಡು. ಕಲಿತದ್ದಕ್ಕೆ ದುಡ್ಡು ಕೊಟ್ಟು ಬನ್ನಿ.

ಉಳಿದ ಸಾಮಾನು ಜಾಸ್ತಿ ಏನಿಲ್ಲ. ರಂಪಿಗೆ, ತೂತು ಹಾಕುವ ಆರಿ, ಮೊಂಡು ತುದಿಯ ಎರಡು ದಪ್ಪ ಸೂಜಿ, ಒಂದು ಮಿಲಿಮೀಟರಿನ ಮೇಣದ ದಾರ, ಚಪ್ಪಲಿಗೆ ಹಚ್ಚುವ ಹಳದಿ ಗಮ್, ಮರಳು ಕಾಗದ, ಮಕ್ಕಳ ಕಂಪಾಸ್ ಪೆಟ್ಟಿಗೆಯ ಡಿವೈಡರ್.

ನಕ್ಷೆ ಮತ್ತು ಕತ್ತರಿಕೆ

ನಕ್ಷೆಯನ್ನು ಮೊದಲು ರಟ್ಟಿನಲ್ಲಿ ಮಾಡಿ. ಒಂದೇ ತುಂಡು, ನಳಿಕೆಯ ಬೆನ್ನಿನ ಕಡೆ ಮಡಿಕೆ, ಟ್ರಿಗರ್ ಕಡೆ ಹೊಲಿಗೆ. ಹಿಂಬದಿಯ ಭಾಗ ಮೇಲಕ್ಕೆ ಉದ್ದವಾಗಿ ಬೆಳೆದು, ಹಿಡಿಕೆಯ ಮೇಲೆ ಬಾಗಿ ಮುಂದೆ ಬಂದು ಮುಚ್ಚಳವಾಗುತ್ತದೆ.

ಹೊಲಿಗೆಯ ಗೆರೆ ಎಲ್ಲಿ ಬರಬೇಕು ಎಂಬುದಕ್ಕೆ ಒಂದು ಲೆಕ್ಕ ಇದೆ. ಆ ಜಾಗದಲ್ಲಿ ಬಂದೂಕು ಎಷ್ಟು ದಪ್ಪವೋ ಅದರ ಅರ್ಧ, ಜೊತೆಗೆ ತೊಗಲಿನ ಒಂದು ದಪ್ಪ. ಸಿಲಿಂಡರ್ 36 ಮಿಲಿಮೀಟರ್ ಇದೆ ಅನ್ನಿ. ಅರ್ಧ 18, ತೊಗಲು 3, ಒಟ್ಟು 21. ಪೆನ್ಸಿಲ್ ಗೆರೆಯಿಂದ ಅಷ್ಟು ದೂರ ಹೊಲಿಗೆ. ನಳಿಕೆ 20 ಇದ್ದರೆ ಅಲ್ಲಿ 13 ಸಾಕು. ಅಂದರೆ ಹೊಲಿಗೆಯ ಗೆರೆ ಬಂದೂಕಿನ ಗೆರೆಗೆ ಸಮಾನಾಂತರವಾಗಿ ಓಡುವುದಿಲ್ಲ, ಸಿಲಿಂಡರ್ ಹತ್ತಿರ ದೂರ ಸರಿದು ನಳಿಕೆಯ ಹತ್ತಿರ ಒಳಗೆ ಬರುತ್ತದೆ. ಎಲ್ಲ ಕಡೆ ಒಂದೇ ಅಂತರ ಬಿಟ್ಟರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಲೊಡ್ಡ ಲೊಡ್ಡ. ಮಡಿಕೆಯ ಕಡೆಯೂ ಅರ್ಧ ದಪ್ಪದಷ್ಟು ಜಾಗ ಬಿಡಬೇಕು. ಹೊಲಿಗೆಯಿಂದ ಹೊರಗೆ ಹತ್ತು ಹನ್ನೆರಡು ಮಿಲಿಮೀಟರ್ ಅಂಚು ಇರಲಿ. ರಟ್ಟನ್ನು ಮಡಚಿ ಪಿನ್ ಹಾಕಿ, ಅಚ್ಚು ಇಟ್ಟು ನೋಡಿ. ರಟ್ಟು ಹಾಳಾದರೆ ಹತ್ತು ರೂಪಾಯಿ, ತೊಗಲು ಹಾಳಾದರೆ ಕಣ್ಣಲ್ಲಿ ನೀರು.

ಟ್ರಿಗರ್ ಗಾರ್ಡ್ ಪೂರ್ತಿ ತೊಗಲಿನೊಳಗೆ ಇರಬೇಕು. ಇದರಲ್ಲಿ ರಾಜಿ ಇಲ್ಲ. ಚೀಲದಲ್ಲಿ ಇರುವಷ್ಟು ಹೊತ್ತು ಯಾವ ಬೆರಳೂ, ಯಾವ ಕೀಲಿಕೈಯೂ ಟ್ರಿಗರ್‌ಗೆ ತಾಗಬಾರದು. ಕೆಳತುದಿಯಲ್ಲಿ ಮಾತ್ರ ಒಂದು ಸಣ್ಣ ತೂತು ಬಿಡಿ, ಧೂಳು ಅಲ್ಲಿಂದ ಉದುರುತ್ತದೆ.

ಬಣ್ಣ ಹಾಕುವುದಿದ್ದರೆ ಈಗಲೇ, ಹೊಲಿಯುವ ಮೊದಲು. ಆಕಾರ ಕೊಟ್ಟ ಮೇಲೆ ನೆನೆಸಿದರೆ ಆಕಾರ ಹೋಗುತ್ತದೆ. ಕಪ್ಪು ಬಣ್ಣಕ್ಕೆ ಡಬ್ಬಿ ಕೊಳ್ಳುವುದೇ ಬೇಡ. ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್‌ನಲ್ಲಿ ಒಂದೆರಡು ವಾರ ನೆನೆ ಹಾಕಿ, ಮುಚ್ಚಳ ಸಡಿಲ ಇರಲಿ, ಗಾಳಿ ಹೊರಗೆ ಹೋಗಬೇಕು. ಸೋಸಿ ಆ ನೀರನ್ನು ತೊಗಲಿಗೆ ಸವರಿದರೆ ನೋಡನೋಡುತ್ತಲೇ ಕಪ್ಪಾಗುತ್ತದೆ. ಇದು ಮೇಲೆ ಬಳಿದ ಬಣ್ಣ ಅಲ್ಲ, ತೊಗಲಿನಲ್ಲಿರುವ ತೊಗಟೆಯ ಒಗರು ಕಬ್ಬಿಣದ ಜೊತೆ ಸೇರಿ ಆದದ್ದು. ಹಾಗಾಗಿ ಕೈಗಾಗಲಿ ಬಟ್ಟೆಗಾಗಲಿ ಹತ್ತುವುದಿಲ್ಲ. ಅಚ್ಚಿಗೆ ಮೊಳೆ ಬೇಡ ಅಂದದ್ದು ಇದಕ್ಕೇ. ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆಯಿರಿ. ಹುಳಿ ಉಳಿದರೆ ಬಂದೂಕಿಗೆ ತುಕ್ಕು.

ಹೊಲಿಗೆ

ಬೆಲ್ಟ್ ತೂರಿಸುವ ಪಟ್ಟಿಯನ್ನು ಹಿಂಬದಿಗೆ ಮೊದಲೇ ಹೊಲಿದುಬಿಡಿ. ಮಡಚಿ ಹೊಲಿದ ಮೇಲೆ ಸೂಜಿ ಒಳಗೆ ಹೋಗುವುದಿಲ್ಲ. ಮುಚ್ಚಳದ ಹಿತ್ತಾಳೆ ಗುಂಡಿಯನ್ನೂ ಈಗಲೇ ಕೂರಿಸಿ, ಒಳಗೆ ಬರುವ ಅದರ ತಲೆಯ ಮೇಲೆ ತೆಳು ತೊಗಲು ಅಂಟಿಸಿ. ಪೊಲೀಸ್ ಅಧಿಕಾರಿಗಳ ಅಡ್ಡ ಪಟ್ಟಿಯ ಬೆಲ್ಟಿನಲ್ಲಿ ಇರುತ್ತದಲ್ಲ, ಆ ಥರದ ಗುಂಡಿ. ಸ್ಯಾಮ್ ಬ್ರೌನ್ ಅಂತ ಕೇಳಿ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ ಇದ್ದ ಸೇನಾಧಿಕಾರಿಯ ಹೆಸರು ಅದು. 1858ರಲ್ಲಿ ಯುದ್ಧದಲ್ಲಿ ಅವರ ಎಡಗೈ ಹೋಯಿತು, ಆ ಬೆಲ್ಟಿಗೆ ಅವರ ಹೆಸರೇ ನಿಂತಿತು.

ಮಡಚುವ ಮೊದಲು ಹೊಲಿಗೆಯ ಅಂಚಿನಲ್ಲಿ ಅದೇ ತೊಗಲಿನ ಒಂದು ಕಿರು ಪಟ್ಟಿಯನ್ನು ನಡುವೆ ಇಡಿ. ಗಮ್ ಎರಡೂ ಕಡೆ ಸವರಿ, ಬೆರಳಿಗೆ ಅಂಟೂ ಅಂಟದ ಹಾಗೆ ಆದ ಮೇಲೆ ಒತ್ತಿ. ಡಿವೈಡರ್‌ನಿಂದ ಅಂಚಿಗೆ ಸಮವಾಗಿ ಗೆರೆ ಕೊರೆದು, ಇಂಚಿಗೆ ಐದಾರು ತೂತು ಬರುವಂತೆ ಗುರುತು ಮಾಡಿ, ಆರಿಯಿಂದ ನೆಟ್ಟಗೆ ತೂತು ಹಾಕಿ. ಮೂರು ಪದರ ಸೇರಿ ಒಂಬತ್ತು ಹತ್ತು ಮಿಲಿಮೀಟರ್ ಆಗಿರುತ್ತದೆ, ಕೈ ಸೋಲುತ್ತದೆ. ಸಣ್ಣ ಡ್ರಿಲ್ ಬಳಸಿದರೆ ಪಾಪ ಏನಿಲ್ಲ. ಆದರೆ ಆರಿಯ ತೂತು ದಾರವನ್ನು ಮತ್ತೆ ಹಿಡಿದುಕೊಳ್ಳುತ್ತದೆ, ಡ್ರಿಲ್ಲಿನದು ಹಾಗೇ ಬಾಯಿ ತೆರೆದು ಕೂರುತ್ತದೆ.

ಹೊಲಿಗೆಯ ಉದ್ದದ ನಾಲ್ಕು ಪಟ್ಟು ದಾರ, ಎರಡೂ ತುದಿಗೆ ಒಂದೊಂದು ಸೂಜಿ. ಪ್ರತಿ ತೂತಿನಲ್ಲೂ ಎರಡೂ ಸೂಜಿ ಎದುರು ಬದುರು ದಾಟಬೇಕು, ಯಾವುದು ಮೊದಲು ಎಂಬ ಕ್ರಮ ತಪ್ಪಬಾರದು. ಮಷೀನ್ ಹೊಲಿಗೆಯಲ್ಲಿ ಒಂದು ಕಡೆ ದಾರ ಹರಿದರೆ ಸರಸರ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಇದು ಹಾಗಲ್ಲ, ಒಂದು ಹರಿದರೂ ಉಳಿದವು ಹಿಡಿದೇ ಇರುತ್ತವೆ. ಕೊನೆಯಲ್ಲಿ ಮೂರು ತೂತು ಹಿಂದಕ್ಕೆ ಬಂದು ಕತ್ತರಿಸಿ. ಅಂಚನ್ನು ಮರಳು ಕಾಗದದಿಂದ ತಿಕ್ಕಿ, ಸ್ವಲ್ಪ ನೀರು ಸವರಿ, ದಪ್ಪ ಖಾದಿ ಬಟ್ಟೆಯಿಂದ ಜೋರಾಗಿ ಉಜ್ಜಿದರೆ ಮೂರು ಪದರ ಒಂದೇ ಆದ ಹಾಗೆ ಹೊಳೆಯುತ್ತದೆ.

ಆಕಾರ ಕೊಡುವುದು

ಇಲ್ಲಿ ಅವಸರ ಬೇಡ. ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರಿನಲ್ಲಿ ಚೀಲ ಮುಳುಗಿಸಿ, ಗುಳ್ಳೆ ಏಳುವುದು ನಿಂತ ಕೂಡಲೇ ತೆಗೆಯಿರಿ. ಬಿಸಿ ನೀರು ಬೇಡವೇ ಬೇಡ, ತೊಗಲು ಮುದುಡಿ ಪೆಡಸಾಗುತ್ತದೆ. ಮೇಲಿನ ನೀರು ಆರಿ ಬಣ್ಣ ತುಸು ತಿಳಿಯಾಗಲು ಶುರುವಾದಾಗ ಅಚ್ಚು ತೂರಿಸಿ. ಹೆಬ್ಬೆರಳಿನಿಂದ, ಚಮಚದ ಹಿಂಬದಿಯಿಂದ ಸಿಲಿಂಡರಿನ ಮುಂದೆ, ಟ್ರಿಗರ್ ಗಾರ್ಡಿನ ಸುತ್ತ ಒತ್ತಿ ಒತ್ತಿ ಗೆರೆ ಎಬ್ಬಿಸಿ. ಉಗುರು ತಾಗಿದರೆ ಆ ಗುರುತು ಕಾಯಂ, ಉಗುರು ಕತ್ತರಿಸಿಕೊಂಡೇ ಕೂರಿ. ಬಂದೂಕು ಚೀಲದಲ್ಲಿ ನಿಲ್ಲುವುದು ಹೊಲಿಗೆಯ ಬಿಗಿಯಿಂದ ಅಲ್ಲ, ಈ ಗೆರೆಗಳಿಂದ. ಆದರೆ ಗಾರ್ಡಿನ ಒಳಗೆ, ಟ್ರಿಗರ್ ಕಡೆಗೆ ತೊಗಲು ಇಳಿಯಬಾರದು. ಅಚ್ಚಿನಲ್ಲಿ ಆ ತೂತನ್ನು ತುಂಬಿಸಿ ಬಿಡಿ ಅಂದದ್ದು ಅದಕ್ಕೇ.

ನೆರಳಲ್ಲಿ, ಗಾಳಿಯಲ್ಲಿ ಒಣಗಲಿ. ಗದಗಿನ ಬೇಸಿಗೆಯಲ್ಲಿ ಒಂದು ದಿನ ಸಾಕಾದೀತು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಜಾಸ್ತಿ ದಿನ ಬೇಕು, ಬೂಸರು ಬರದ ಹಾಗೆ ಫ್ಯಾನಿನ ಕೆಳಗೆ ಇಡಿ. ಬಿಸಿಲಿಗೆ, ಒಲೆಯ ಹತ್ತಿರ ಇಡಬೇಡಿ. ಒಣಗಿದ ಮೇಲೆ ಬಟ್ಟೆಗೆ ಒಂದೆರಡು ಹನಿ ಔಡಲೆಣ್ಣೆ ಹಾಕಿ ಒರೆಸಿ, ಮೇಲೆ ಜೇನುಮೇಣ ತಿಕ್ಕಿ. ಎಣ್ಣೆ ಜಾಸ್ತಿ ಕುಡಿಸಿದರೆ ಪಟ್ಟ ಪಾಡೆಲ್ಲ ಮೆತ್ತಗಾಗುತ್ತದೆ.

ಕೊನೆಯ ಪರೀಕ್ಷೆ ಮಾಲೀಕರದ್ದೇ, ಖಾಲಿ ಬಂದೂಕಿನಿಂದ. ಮುಚ್ಚಳ ತೆಗೆದು, ಹಾಸಿಗೆಯ ಮೇಲೆ ತಲೆಕೆಳಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಲಿ. ಬೀಳಬಾರದು. ಬಿಗಿ ಅನಿಸಿದರೆ ಅಚ್ಚಿಗೆ ಪಾಲಿಥಿನ್ ಸುತ್ತಿ ಒಂದು ರಾತ್ರಿ ಒಳಗಿಡಿ. ಸಡಿಲ ಅನಿಸಿದರೆ ಗಾರ್ಡಿನ ಸುತ್ತ ಮಾತ್ರ ಸ್ಪಂಜಿನಿಂದ ಒದ್ದೆ ಮಾಡಿ ಮತ್ತೆ ಒತ್ತಿ. ಎರಡು ಮಾತು ಹೇಳಿ ಕೊಡಿ: ಬಂದೂಕನ್ನು ಇದರಲ್ಲೇ ಇಟ್ಟು ಕಪಾಟಿಗೆ ಸೇರಿಸಬಾರದು, ತೊಗಲು ತೇವ ಹೀರುತ್ತದೆ, ಉಕ್ಕಿಗೆ ತುಕ್ಕು ಹಿಡಿಯುತ್ತದೆ. ವರ್ಷಗಳು ಕಳೆದು ಚೀಲದ ಬಾಯಿ ಮೆತ್ತಗಾಗಿ ಒಳಕ್ಕೆ ಮಡಚತೊಡಗಿದರೆ ಎಸೆಯಬೇಕು. ಆ ಮಡಿಕೆ ಟ್ರಿಗರ್‌ಗೆ ಸಿಕ್ಕಿ ಗುಂಡು ಹಾರಬಹುದು.

ಲೈಸೆನ್ಸ್ ಇರುವವರು ಯಾರೂ ಪರಿಚಯ ಇಲ್ವಾ? ಮಾವಿನ ತೋಟದವರು ಟೊಂಗೆ ಸವರುವ ಕತ್ತರಿಗೆ ಹೊಲಿಯಿರಿ. ಕೆಲಸ ಇದೇ, ಲೆಕ್ಕ ಇದೇ, ಅಚ್ಚೂ ಬೇಡ, ಕತ್ತರಿಯನ್ನೇ ಇಡಬಹುದು. ಅಲಗಿಗೆ ಮಾತ್ರ ಪ್ಲಾಸ್ಟಿಕ್ ಸುತ್ತಿ, ಇಲ್ಲದಿದ್ದರೆ ಒಳಗೆಲ್ಲ ಕಪ್ಪು ಕಲೆ.