ಬ್ರಿಟನ್ನಿನ ಮ್ಯೂಸಿಕ್ ಫೆಸ್ಟಿವಲ್‌ಗೆ ಹೊರಟ ಹೊಸಬರಿಗೆ

ಇಂಗ್ಲೆಂಡಿಗೆ ಬಂದ ಮೊದಲ ಬೇಸಿಗೆಯಲ್ಲೇ ಮೂರ್ನಾಲ್ಕು ದಿನದ ಕ್ಯಾಂಪಿಂಗ್ ಫೆಸ್ಟಿವಲ್‌ಗೆ ಟಿಕೆಟ್ ತೆಗೆಯುವವರು ನಮ್ಮಲ್ಲಿ ಈಗ ಬೇಕಾದಷ್ಟಿದ್ದಾರೆ. ಹೋಗಿ, ಖಂಡಿತ ಹೋಗಿ. ಆದರೆ ಒಂದು ಮಾತು ಮೊದಲೇ ಗೊತ್ತಿರಲಿ. ಫೆಸ್ಟಿವಲ್ ನಡೆಯುವ ಹೊಲದಲ್ಲಿ ಸುತ್ತ ಕಣ್ಣು ಹಾಯಿಸಿದಾಗ ಕಂದು ಮೈಬಣ್ಣದವರು ನೀವೊಬ್ಬರೇ ಇರಬಹುದು. ಫೆಸ್ಟಿವಲ್‌ಗಳಲ್ಲಿ ಕಪ್ಪು, ಕಂದು ಮುಖಗಳು ಇಷ್ಟು ಕಡಿಮೆ ಇರುವುದು ತನಗೆ ಅಚ್ಚರಿ ಎಂದು ಹಾಸ್ಯನಟ ಲೆನ್ನಿ ಹೆನ್ರಿ 2022ರಲ್ಲಿ ಬಹಿರಂಗವಾಗಿಯೇ ಹೇಳಿದ್ದರು. ಇಲ್ಲಿನ ಹೆಸರಾಂತ ಗ್ಲಾಸ್ಟನ್‌ಬರಿ ಫೆಸ್ಟಿವಲ್ ಶುರುವಾದದ್ದು 1970ರಲ್ಲಿ. ದಕ್ಷಿಣ ಏಷ್ಯಾದ ಕಲಾವಿದರಿಗೆಂದೇ ಅಲ್ಲಿ ಮೊದಲ ವೇದಿಕೆ, ‘ಅರೈವಲ್ಸ್’, ಬಂದದ್ದು 2024ರಲ್ಲಿ. ಐವತ್ನಾಲ್ಕು ವರ್ಷ! ಅಲ್ಲಿ ನಿಮಗೆ ಒಂಟಿ ಅನಿಸಿದರೆ ಅದು ನಿಮ್ಮ ಮನಸ್ಸಿನ ದೌರ್ಬಲ್ಯವಲ್ಲ.

ನಮ್ಮವರ ಮೊದಲ ತಪ್ಪು ಲೈನಪ್ ಒಂದನ್ನೇ ನೋಡಿ ಫೆಸ್ಟಿವಲ್ ಆರಿಸುವುದು. ಸ್ಟೇಜಿನ ಮೇಲೆ ಯಾರಿದ್ದಾರೆ ಎಂಬುದರಷ್ಟೇ ಮುಖ್ಯ, ಕೆಳಗೆ ಯಾರು ನಿಂತಿರುತ್ತಾರೆ ಎಂಬುದು. ಹಿಂದಿನ ವರ್ಷದ ವಿಡಿಯೋಗಳಲ್ಲಿ ಜನರ ಕಡೆ ಕ್ಯಾಮೆರಾ ತಿರುಗಿದಾಗ ನಿಲ್ಲಿಸಿ ನೋಡಿ. ಫೆಸ್ಟಿವಲ್‌ನ ಜಾಲತಾಣದಲ್ಲಿ ಜನಾಂಗೀಯ ನಿಂದನೆಯ ಬಗ್ಗೆ ಸ್ಪಷ್ಟ ನಿಯಮ ಇದೆಯೇ, ದೂರು ಎಲ್ಲಿ ಕೊಡಬೇಕು ಎಂದು ಬರೆದಿದ್ದಾರೆಯೇ ಹುಡುಕಿ. ‘ಎಲ್ಲರಿಗೂ ಸ್ವಾಗತ’ ಎಂಬ ಒಂದು ಸಾಲು ಸಾಲದು. ದೂರು ಕೊಡುವ ಜಾಗ, ಫೋನ್ ನಂಬರ್ ಹಾಕಿದವರು ಆ ಬಗ್ಗೆ ಯೋಚಿಸಿದ್ದಾರೆ ಎಂದರ್ಥ.

ಮೊದಲ ಸಲಕ್ಕೆ ವೋಮ್ಯಾಡ್ ಫೆಸ್ಟಿವಲ್ ಒಳ್ಳೆಯದು. 1982ರಲ್ಲಿ ಶೆಪ್ಟನ್ ಮ್ಯಾಲೆಟ್‌ನಲ್ಲಿ ಶುರುವಾದಾಗಿನಿಂದ ಅದರ ಬುನಾದಿಯೇ ಜಗತ್ತಿನ ಎಲ್ಲ ಕಡೆಯ ಸಂಗೀತ. ನುಸ್ರತ್ ಫತೇ ಅಲಿ ಖಾನ್ 1985ರಲ್ಲಿ ಅಲ್ಲಿ ಹಾಡಿದ್ದರು. 2025ರಲ್ಲಿ ಅದು ನಡೆಯಲಿಲ್ಲ, ಹಾಗಾಗಿ ಜಾಗ, ದಿನಾಂಕ ವಿಚಾರಿಸಿಕೊಂಡೇ ಹೊರಡಿ. ಟೆಂಟ್ ಬೇಡ ಎನ್ನುವವರಿಗೆ ಆಗಸ್ಟ್ ಕೊನೆಯ ನಾಟಿಂಗ್ ಹಿಲ್ ಕಾರ್ನಿವಲ್ ಇದೆ, ಲಂಡನ್ನಿನ ಕೆರೀಬಿಯನ್ ಸಮುದಾಯ ಕಟ್ಟಿದ್ದು. ನಮ್ಮ ಶಾಸ್ತ್ರೀಯ ಸಂಗೀತಕ್ಕೆ ದರ್ಬಾರ್ ಎಂಬ ಫೆಸ್ಟಿವಲ್ ಇದೆ. ಅಲ್ಲೆಲ್ಲ ನಿಮ್ಮ ಮುಖ ಯಾರ ಕಣ್ಣಿಗೂ ವಿಶೇಷವಲ್ಲ. ಅಂಥ ಕಡೆ ಒಮ್ಮೆ ಹೋಗಿ ಬಂದರೆ ದೊಡ್ಡ ಕ್ಯಾಂಪಿಂಗ್ ಫೆಸ್ಟಿವಲ್‌ಗೆ ಧೈರ್ಯ ತಾನಾಗಿ ಬರುತ್ತದೆ.

ಕಾಗದಪತ್ರ ಬೇಗ ಮುಗಿಸೋಣ. ಗ್ಲಾಸ್ಟನ್‌ಬರಿಗೆ ಮೊದಲೇ ಫೋಟೋ ಸಮೇತ ರಿಜಿಸ್ಟ್ರೇಷನ್ ಬೇಕು, ಟಿಕೆಟ್ ಇನ್ನೊಬ್ಬರಿಗೆ ಕೊಡುವಂತಿಲ್ಲ, 2026ರಲ್ಲಿ ಹೊಲಕ್ಕೆ ವಿಶ್ರಾಂತಿ, ಫೆಸ್ಟಿವಲ್ ಇಲ್ಲ. ಮದ್ಯ ಕೊಳ್ಳುವಾಗ 25ಕ್ಕಿಂತ ಚಿಕ್ಕವರಂತೆ ಕಂಡರೆ ಗುರುತಿನ ಚೀಟಿ ಕೇಳುತ್ತಾರೆ. ಪಾಸ್‌ಪೋರ್ಟನ್ನು ಕೆಸರಿಗೆ ಒಯ್ಯಬೇಡಿ, ಇಲ್ಲಿನ ಪ್ರೊವಿಷನಲ್ ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಳ್ಳಿ.

ಟೆಂಟ್ ಹಾಕುವುದರಲ್ಲಿ ನಮ್ಮವರು ಎರಡು ಅತಿಗಳಿಗೆ ಹೋಗುತ್ತಾರೆ. ಒಂದು, ಹನ್ನೆರಡು ಜನ ವರ್ತುಲವಾಗಿ ಟೆಂಟ್ ಹಾಕಿ, ಬಾಗಿಲೆಲ್ಲ ಒಳಮುಖ ಮಾಡಿ, ಸ್ಪೀಕರಿನಲ್ಲಿ ನಮ್ಮದೇ ಹಾಡು ಹಾಕಿಕೊಂಡು ಕೂರುವುದು. ಆಮೇಲೆ ಯಾರೂ ಮಾತಾಡಿಸಲಿಲ್ಲ ಎಂಬ ಬೇಸರ. ಇನ್ನೊಂದು, ಒಬ್ಬರೇ ಹೋಗಿ ಯಾರ ಕಣ್ಣಿಗೂ ಬೀಳದ ಬೇಲಿಯಂಚಿನಲ್ಲಿ ಟೆಂಟ್ ಹಾಕುವುದು. ಮೂರ್ನಾಲ್ಕು ಜನ ಹೋಗಿ. ದಾರಿಯಿಂದ ಎರಡು ಸಾಲು ಒಳಗೆ, ಕಾವಲು ಗೋಪುರವೋ ಸಹಾಯಕ್ಕೆಂದೇ ಇರುವ ವೆಲ್ಫೇರ್ ಟೆಂಟೋ ಕಾಣುವಂಥ ಜಾಗ ಹಿಡಿಯಿರಿ. ಗೇಟು ತೆರೆದ ದಿನವೇ ತಲುಪಿದರೆ ಮಾತ್ರ ಅಂಥ ಜಾಗ ಸಿಗುತ್ತದೆ. ಗೂಟ ಹೊಡೆದ ಹತ್ತು ನಿಮಿಷದೊಳಗೆ ಅಕ್ಕಪಕ್ಕದ ಟೆಂಟಿನವರಿಗೆ ನಿಮ್ಮ ಹೆಸರು ಹೇಳಿ, ಸುತ್ತಿಗೆ ಬೇಕೇ ಎಂದು ಕೇಳಿ. ಇಂಗ್ಲಿಷರು ತಾವಾಗಿ ಮಾತಾಡಿಸುವುದು ಕಡಿಮೆ, ತಮ್ಮವರನ್ನೂ ಮಾತಾಡಿಸುವುದಿಲ್ಲ. ಅವರ ಮೌನವನ್ನೆಲ್ಲ ತಿರಸ್ಕಾರ ಎಂದುಕೊಂಡರೆ ಮೂರು ದಿನ ಕಷ್ಟವಾಗುತ್ತದೆ. ನೋಡಬೇಕಾದದ್ದು ಇಷ್ಟು: ನೀವು ಮಾತಾಡಿಸಿದ ಮೇಲೆ ಅವರು ಹೇಗೆ ನಡೆದುಕೊಳ್ಳುತ್ತಾರೆ? ನಿಮಗೊಂದು ರೀತಿ, ಪಕ್ಕದವರಿಗೊಂದು ರೀತಿ ಎಂದಾದರೆ ನಿಮ್ಮ ಅನುಮಾನ ನಿಜ.

ಕೆಲವು ಸಣ್ಣ ವಿಷಯ. ಜೂನ್ ಆದರೂ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗಿಳಿಯಬಹುದು. ಚಳಿ ನೆಲದಿಂದ ಬರುತ್ತದೆ, ಹೊದಿಕೆಗಿಂತ ಮೊದಲು ಅಡಿಗೆ ಹಾಸುವ ಮ್ಯಾಟ್ ಕೊಳ್ಳಿ. ಟಾಯ್ಲೆಟ್ಟಿನಲ್ಲಿ ನೀರಿರುವುದಿಲ್ಲ. ಅರ್ಧ ಲೀಟರಿನ ಮೃದು ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ನಾಲ್ಕೈದು ತೂತು ಮಾಡಿಕೊಂಡರೆ ಕೆಲಸ ನಡೆಯುತ್ತದೆ, ಅದರ ಮೇಲೆ ಗುರುತು ಹಾಕಿ ಬೇರೆಯೇ ಇಡಿ. ಗ್ಯಾಸ್ ಒಲೆಗೆ ಹಲವು ಕಡೆ ನಿಷೇಧವಿದೆ. ಚಟ್ನಿಪುಡಿ, ಹುರಿದ ಅವಲಕ್ಕಿ, ಚಪಾತಿ ಮೊದಲ ದಿನಕ್ಕೆ ಸಾಕು.

ಗೇಟಿನ ತಪಾಸಣೆಯಲ್ಲಿ ಎರಡು ಬಗೆ ಇದೆ. ಸೆಕ್ಯುರಿಟಿಯವರು ಮಾಡುವುದು ಪ್ರವೇಶದ ಷರತ್ತು. ನೀವು ಒಪ್ಪದಿರಬಹುದು, ಒಪ್ಪದಿದ್ದರೆ ಒಳಗೆ ಬಿಡುವುದಿಲ್ಲ. ಹೆಂಗಸರು ಹೆಂಗಸರೇ ತಪಾಸಣೆ ಮಾಡಲಿ ಎಂದು ಕೇಳಿ. ಪೊಲೀಸರು ಮಾಡುವುದು ಕಾನೂನಿನ ವಿಷಯ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಸಾಮಾನ್ಯವಾಗಿ ಅವರಿಗೆ ಸಕಾರಣ ಅನುಮಾನ ಇರಬೇಕು, ಮೈಬಣ್ಣ ಕಾರಣವಾಗುವಂತಿಲ್ಲ. ಸೆಕ್ಷನ್ 60ರಂಥ ವಿಶೇಷ ಪೊಲೀಸ್ ಆದೇಶ ಜಾರಿಯಲ್ಲಿರುವ ಜಾಗದಲ್ಲಿ ಮಾತ್ರ ಅನುಮಾನವಿಲ್ಲದೆಯೂ ತಡೆಯಬಹುದು. ತಮ್ಮ ಹೆಸರು, ಠಾಣೆ, ಏನು ಹುಡುಕುತ್ತಿದ್ದೇವೆ, ಯಾಕೆ, ಯಾವ ಕಾನೂನಿನಡಿ ಎಂಬುದನ್ನು ಅವರು ಹೇಳಬೇಕು. ತಪಾಸಣೆಗೆಂದು ನಿಲ್ಲಿಸಿದ ಮಾತ್ರಕ್ಕೆ ನೀವು ಹೆಸರು, ವಿಳಾಸ ಕೊಡಲೇಬೇಕೆಂದಿಲ್ಲ. ದಾಖಲೆಯ ಪ್ರತಿ ಕೇಳಿ ಪಡೆಯಿರಿ. ದನಿ ಏರಿಸದೆ ಕೇಳಿ, ಆದರೆ ಕೇಳದೆ ಬಿಡಬೇಡಿ.

ಎಲ್ಲಕ್ಕಿಂತ ದೊಡ್ಡ ತಪ್ಪು ಬೇರೆ. ಯಾರೋ ಕುಡಿದು ಮೈಬಣ್ಣ ಹಿಡಿದು ಹೀಯಾಳಿಸಿದರು, ಬಾರಿನಲ್ಲಿ ಮೂರು ಸಲ ನಿಮ್ಮನ್ನು ದಾಟಿ ಹಿಂದಿನವರಿಗೆ ಕೊಟ್ಟರು, ಟೆಂಟಿನ ಮೇಲೆ ಏನೋ ಗೀಚಿದರು. ನಮ್ಮ ಬಾಯಲ್ಲಿ ಬರುವುದು ಒಂದೇ: ‘ಹೋಗ್ಲಿ ಬಿಡು.’ ವೀಸಾಗೆ ತೊಂದರೆಯಾದೀತು ಎಂಬ ಭಯ ಬೇರೆ. ಸರಿಯಾದ ವೀಸಾ ಇದ್ದು ಅನ್ಯಾಯಕ್ಕೆ ಒಳಗಾದವರು ದೂರು ಕೊಟ್ಟರೆ ವೀಸಾಗೆ ಏನೂ ಆಗುವುದಿಲ್ಲ. ಬಿಟ್ಟರೆ ಮಾತ್ರ ಅದೇ ಮನುಷ್ಯ ಸಂಜೆಗೆ ಇನ್ನೊಬ್ಬ ಹುಡುಗಿಯ ಬಳಿ ಹೋಗುತ್ತಾನೆ.

ಹೀಗೆ ಮಾಡಿ. ಮೊದಲು ಅಲ್ಲಿಂದ ನಾಲ್ಕು ಹೆಜ್ಜೆ ದೂರ ಬನ್ನಿ. ಫೋನಿನಲ್ಲಿ ಸಮಯ, ಹತ್ತಿರದ ಸ್ಟೇಜ್ ಅಥವಾ ಅಂಗಡಿ, ಆತನ ಬಟ್ಟೆ, ಆಡಿದ ಮಾತನ್ನು ಆಡಿದ ಹಾಗೇ ಬರೆದುಕೊಳ್ಳಿ. ಕಂಡವರಿಬ್ಬರ ನಂಬರ್ ಕೇಳಿ, ಇಲ್ಲಿಯವರು ಸಾಕ್ಷಿ ಹೇಳಲು ನಮ್ಮಷ್ಟು ಹಿಂಜರಿಯುವುದಿಲ್ಲ. ತಪ್ಪು ಸೆಕ್ಯುರಿಟಿಯವರದ್ದೇ ಆದರೆ ಕಾಣುವಂತೆ ಹಾಕಿರಬೇಕಾದ ಎಸ್‌ಐಎ ಬ್ಯಾಡ್ಜಿನ (ಸೆಕ್ಯುರಿಟಿ ಕೆಲಸದ ಪರವಾನಗಿ) 16 ಅಂಕಿ ಬರೆದುಕೊಳ್ಳಿ. ನಂತರ ಸ್ಟೀವರ್ಡ್ (ಗೇಟು, ದಾರಿ ನೋಡಿಕೊಳ್ಳುವವರು) ಬಳಿಗೆ ಅಥವಾ ಇನ್ಫರ್ಮೇಷನ್ ಟೆಂಟಿಗೆ ಹೋಗಿ ಸೂಪರ್‌ವೈಸರ್ ಬೇಕು ಎನ್ನಿ, ದೂರಿನ ನಂಬರ್ ಇಲ್ಲದೆ ಮರಳಬೇಡಿ. ಅಪಾಯವಿದ್ದರೆ 999, ಇಲ್ಲವಾದರೆ 101 ಅಥವಾ ಸ್ಥಳದಲ್ಲೇ ಇರುವ ಪೊಲೀಸರು. ಬಣ್ಣದ ಕಾರಣಕ್ಕೆ ಅಪರಾಧ ನಡೆಯಿತು ಎಂದು ನಿಮಗೆ ಅನಿಸಿದರೆ ಪೊಲೀಸರು ಅದನ್ನು ಹೇಟ್ ಕ್ರೈಮ್ ಎಂದು ದಾಖಲಿಸಬೇಕು, ಆಗಲೇ ಸಾಬೀತು ಮಾಡುವ ಹೊಣೆ ನಿಮ್ಮದಲ್ಲ. ಫೆಸ್ಟಿವಲ್‌ನವರೇ ಭೇದ ಮಾಡಿದ್ದರೆ 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಕೌಂಟಿ ಕೋರ್ಟಿಗೆ ಹೋಗಬಹುದು. ಅದಕ್ಕೆ ಗಡುವು ಆರು ತಿಂಗಳಿಗೆ ಒಂದು ದಿನ ಕಡಿಮೆ. ಮನೆಗೆ ಬಂದು ಮಲಗಿ ಎದ್ದ ಮೇಲೆ ಬರೆದರಾಯಿತು ಎಂದುಕೊಂಡವರ ದೂರು ಬಹುತೇಕ ಅಲ್ಲೇ ಸಾಯುತ್ತದೆ: ಸಿಬ್ಬಂದಿ ಚದುರಿರುತ್ತಾರೆ, ಸಾಕ್ಷಿಗಳು ಸಿಗುವುದಿಲ್ಲ.

ಹಣೆಗೆ ಹೊಳೆಯುವ ಬಿಂದಿ ಅಂಟಿಸಿಕೊಂಡು ಕುಣಿಯುವವರನ್ನು ನೋಡುತ್ತೀರಿ. ಕುಂಕುಮ ಇಟ್ಟ ನಮ್ಮ ಹೆಣ್ಣುಮಕ್ಕಳನ್ನು ಬಸ್ಸಿನಲ್ಲಿ ದಿಟ್ಟಿಸುವ ಊರಿನಲ್ಲೇ ಅದು ಫ್ಯಾಷನ್ ಆಗಿರುವುದು ಚುಚ್ಚುತ್ತದೆ. ಹೀಗೆಯೇ ಫ್ಯಾಷನ್ ಆಗಿದ್ದ ಅಮೆರಿಕದ ಮೂಲನಿವಾಸಿಗಳ ಗರಿಕಿರೀಟದ ಮಾರಾಟವನ್ನು ಗ್ಲಾಸ್ಟನ್‌ಬರಿ ನಿರ್ಬಂಧಿಸಿದ್ದು ಜನ ಸಹಿ ಹಾಕಿ ಕೇಳಿದ ಮೇಲೆಯೇ. ಬಿಂದಿ ಇಟ್ಟವಳ ಜೊತೆ ಜಗಳ ಬೇಡ, ಆಕೆ ಕೇಳಿದರೆ ನಿಜ ಹೇಳಿ.

ಮಕ್ಕಳ ವಿಚಾರಕ್ಕೆ ಬಂದರೆ, ಕಿವಿಗೆ ಸದ್ದು ತಡೆಯುವ ಇಯರ್ ಡಿಫೆಂಡರ್ ಕಡ್ಡಾಯ, ಮಣಿಕಟ್ಟಿನ ಪಟ್ಟಿಯ ಮೇಲೆ ನಿಮ್ಮ ಫೋನ್ ನಂಬರ್. ಇನ್ನೊಂದು ಸಂಗತಿ ಪಟ್ಟಿಗೆ ಸೇರುವುದಿಲ್ಲ. ಊರಿನ ಜಾತ್ರೆಯಲ್ಲಿ ನಾವು ಗುಂಪಿನಲ್ಲಿ ಗೋವಿಂದ ಅನ್ನುತ್ತ ಬೆಳೆದವರು. ಜನಜಂಗುಳಿಯಲ್ಲಿ ಯಾರೂ ಗಮನಿಸದಂತೆ ಕರಗಿಹೋಗುವ ಆ ಸಲೀಸು ಇಲ್ಲಿ ಇಲ್ಲ, ಇಲ್ಲೇ ಹುಟ್ಟಿದ ಮಕ್ಕಳಿಗೆ ಅದು ಗೊತ್ತೇ ಇಲ್ಲ. ಅಪ್ಪ ಅಮ್ಮ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಅವರೂ ಅಂಚಿನಲ್ಲೇ ನಿಲ್ಲುತ್ತಾರೆ. ಆದ್ದರಿಂದ ಮಧ್ಯಾಹ್ನದ ಒಂದು ಕಾರ್ಯಕ್ರಮಕ್ಕಾದರೂ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ಮುಂದಕ್ಕೆ ಹೋಗಿ. ಮಧ್ಯಾಹ್ನ ನೂಕುನುಗ್ಗಲು ಕಡಿಮೆ, ಕುಡಿದವರೂ ಕಡಿಮೆ.

ಎರಡನೇ ವರ್ಷಕ್ಕೆ ಸ್ಟೀವರ್ಡ್ ಆಗಿ ಹೋಗುವ ದಾರಿಯಿದೆ. ಆಕ್ಸ್‌ಫ್ಯಾಮ್ ಎಂಬ ಸೇವಾಸಂಸ್ಥೆಯ ಮೂಲಕ ಹೋದರೆ ಎಂಟು ಗಂಟೆ ಚಿಲ್ಲರೆಯ ಮೂರು ಪಾಳಿ, ಕಟ್ಟಿದ ಠೇವಣಿ ಕೆಲಸ ಮುಗಿಸಿದ ಮೇಲೆ ವಾಪಸ್, ಉಳಿದ ಹೊತ್ತು ಸಂಗೀತ. ಸ್ಟೂಡೆಂಟ್ ವೀಸಾದವರು ಇಂಥ ಪಾಳಿ ತಮ್ಮ ವೀಸಾದ ವಾರದ ಕೆಲಸದ ಮಿತಿಯ ಲೆಕ್ಕಕ್ಕೆ ಬರುತ್ತದೆಯೇ ಎಂದು ಯೂನಿವರ್ಸಿಟಿಯ ವೀಸಾ ಕಚೇರಿಯಲ್ಲಿ ಕೇಳಿಕೊಂಡೇ ಅರ್ಜಿ ಹಾಕಿ. ಮಳೆಯಲ್ಲಿ ಎಂಟು ಗಂಟೆ ಗೇಟು ಕಾದ ತಂಡದಲ್ಲಿ ಪರಿಚಯ ತಾನಾಗಿ ಆಗುತ್ತದೆ. ಗೇಟಿನಲ್ಲಿ ನಿಂತ ಕಂದು ಮುಖ ಕಂಡು, ಹಿಂಜರಿಯುತ್ತ ಬಂದ ನಮ್ಮಂಥ ಇನ್ನೊಂದು ಕುಟುಂಬ ದಾರಿ ಕೇಳಲು ನೇರವಾಗಿ ನಿಮ್ಮ ಬಳಿಗೇ ಬರುತ್ತದೆ.