ನಾಣ್ಯದ ಗ್ರೇಡ್ ಮತ್ತು ಬೆಲೆ: ಹೊಸಬರು ನೋಡುವುದು ಹೇಗೆ?

ನಾಣ್ಯ ಹಳೆಯದಾದಷ್ಟೂ ಬೆಲೆ ಜಾಸ್ತಿ ಎಂದು ಹೊಸದಾಗಿ ಸಂಗ್ರಹಕ್ಕೆ ಇಳಿದವರು ನಂಬಿರುತ್ತಾರೆ. ಹಾಗೇನಿಲ್ಲ. ಸಾವಿರದ ಆರುನೂರು ವರ್ಷ ದಾಟಿದ ರೋಮನ್ ತಾಮ್ರದ ನಾಣ್ಯಗಳು ರಾಶಿಗಟ್ಟಲೆ ಸಿಕ್ಕಿವೆ. ಅದಕ್ಕೇ ಅವುಗಳಲ್ಲಿ ಹೆಚ್ಚಿನವು ಅಗ್ಗ. ಎಷ್ಟು ಉಳಿದಿವೆ, ಎಷ್ಟು ಜನ ಹುಡುಕುತ್ತಿದ್ದಾರೆ, ಯಾವ ಸ್ಥಿತಿಯಲ್ಲಿದೆ, ಈ ಮೂರರ ಮೇಲೆ ಬೆಲೆ ನಿಂತಿದೆ. ಸ್ಥಿತಿಯನ್ನು ಅಳೆಯುವುದೇ ಗ್ರೇಡಿಂಗ್. ಕಲಿಕೆ ಇಲ್ಲಿಂದಲೇ ಶುರುವಾಗಲಿ.

ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ. ಒಂದೇ ದೀಪ ಇರಲಿ. ಐದರಿಂದ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಸಾಕು. ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯಿರಿ. ಬೆರಳಿನ ಜಿಡ್ಡು ಲೋಹದ ಮೇಲೆ ಕಲೆಯಾಗಿ ಉಳಿದುಬಿಡುತ್ತದೆ.

ಮೊದಲು ಸವೆತ ಹುಡುಕಿ. ಎಲ್ಲಕ್ಕಿಂತ ಉಬ್ಬಿದ ಜಾಗ ಮೊದಲು ಸವೆಯುತ್ತದೆ. ಮುಖದ ಚಿತ್ರವಿದ್ದರೆ ಕೆನ್ನೆ, ಹುಬ್ಬು, ಕಿವಿಯ ಮೇಲಿನ ಕೂದಲು ನೋಡಿ. ಆಮೇಲೆ ನಾಣ್ಯವನ್ನು ದೀಪದ ಕೆಳಗೆ ನಿಧಾನವಾಗಿ ವಾಲಿಸಿ. ಕೈಯಿಂದ ಕೈಗೆ ಓಡಾಡದ ನಾಣ್ಯದಲ್ಲಿ ಬೆಳಕಿನ ಪಟ್ಟೆಗಳು ಗಾಡಿಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತವೆ. ಉಬ್ಬಿನ ಮೇಲೆ ಬಂದಾಗ ಪಟ್ಟೆ ತುಂಡಾಗಿ ಮಂಕಾದರೆ ಅಲ್ಲಿ ಸವೆದಿದೆ ಎಂದರ್ಥ. ಅಚ್ಚು ಸರಿಯಾಗಿ ಬೀಳದಿದ್ದರೂ ಚಿತ್ರ ಮಸುಕಾಗಿರುತ್ತದೆ, ಆದರೆ ಹೊಳಪು ಹೋಗಿರುವುದಿಲ್ಲ. ಈ ವ್ಯತ್ಯಾಸ ಕಣ್ಣಿಗೆ ಹತ್ತಿದರೆ ಅರ್ಧ ಕೆಲಸ ಮುಗಿದ ಹಾಗೆ.

ಇನ್ನು ಅಂಕ. ಅಮೆರಿಕದ ನಾಣ್ಯತಜ್ಞ ವಿಲಿಯಂ ಶೆಲ್ಡನ್ 1949ರಲ್ಲಿ ತಂದ 1ರಿಂದ 70ರ ಅಳತೆಯನ್ನು ಈಗಲೂ ಬಳಸುತ್ತಾರೆ. 12–15 ಫೈನ್, 20–35 ವೆರಿ ಫೈನ್, 40–45 ಎಕ್ಸ್‌ಟ್ರೀಮ್ಲಿ ಫೈನ್. 50–58 ಎಂದರೆ ತುಸುವೇ ಸವೆದದ್ದು. 60ರಿಂದ ಮೇಲೆ ಸವೆತವೇ ಇಲ್ಲದ ಮಿಂಟ್ ಸ್ಟೇಟ್. ಹಾಗಂತ 60 ಎಂದರೆ ಚೆಂದ ಅಂದುಕೊಳ್ಳಬೇಡಿ. ಟಂಕಸಾಲೆಯ ಚೀಲದಲ್ಲಿ ಒಂದಕ್ಕೊಂದು ಬಡಿದು ಗೀರು ತುಂಬಿರಬಹುದು. ಎಷ್ಟೋ ಸಲ 58ರ ನಾಣ್ಯವೇ ನೋಡಲು ಸೊಗಸು.

ಒಂದು ಮಾತು ಮಾತ್ರ ದಯವಿಟ್ಟು ಪಾಲಿಸಿ. ಹುಣಸೆಹಣ್ಣು, ಪೌಡರ್, ಬ್ರಷ್ ಯಾವುದರಿಂದಲೂ ನಾಣ್ಯವನ್ನು ತಿಕ್ಕಬೇಡಿ. ವರ್ಷಗಟ್ಟಲೆ ಕೂತ ಬಣ್ಣ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ತಿಕ್ಕಿದ ಸಣ್ಣ ಗೆರೆಗಳು ಲೆನ್ಸ್‌ನಲ್ಲಿ ತಕ್ಷಣ ಕಾಣುತ್ತವೆ, ಬೆಲೆಯೂ ಇಳಿಯುತ್ತದೆ.

ಗ್ರೇಡ್ ಅಂದಾಜಾದ ಮೇಲೆ ಇಸವಿ, ಟಂಕಸಾಲೆಯ ಗುರುತು ನೋಡಿ. 1909ರ ಅಮೆರಿಕದ ಲಿಂಕನ್ ಸೆಂಟ್‌ನಲ್ಲಿ ಕಲಾವಿದನ ಹೆಸರಿನ 'ವಿಡಿಬಿ' ಅಕ್ಷರಗಳಿರುವವು 2.7 ಕೋಟಿಗೂ ಹೆಚ್ಚು ಅಚ್ಚಾದವು. ಅದೇ ಅಕ್ಷರಗಳ ಜೊತೆಗೆ ಸ್ಯಾನ್ ಫ್ರಾನ್ಸಿಸ್ಕೋದ 'ಎಸ್' ಗುರುತೂ ಇರುವವು 4,84,000 ಮಾತ್ರ. ಒಂದೇ ಒಂದು ಅಕ್ಷರಕ್ಕೆ ಬೆಲೆ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಅದಕ್ಕೇ ಈ ಅಕ್ಷರವನ್ನು ನಕಲಿಯಾಗಿ ಸೇರಿಸುವವರೂ ಇದ್ದಾರೆ.

ಬೆಲೆ ತಿಳಿಯಲು ಮಾರುವವರು ಹೇಳುವ ದರ ನಂಬಬೇಡಿ. ಅದೇ ನಾಣ್ಯ ಅದೇ ಗ್ರೇಡ್‌ನಲ್ಲಿ ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಯಿತು ನೋಡಿ. ಕ್ಯಾಟಲಾಗ್, ಅಂದರೆ ನಾಣ್ಯಗಳ ಬೆಲೆಪಟ್ಟಿಯ ದರ ಸಾಮಾನ್ಯವಾಗಿ ಕೊಳ್ಳುವವರಿಗೆ, ನೀವು ಮಾರಲು ಹೋದರೆ ವ್ಯಾಪಾರಿ ಅದಕ್ಕಿಂತ ಕಡಿಮೆಯೇ ಕೊಡುತ್ತಾನೆ. ದುಬಾರಿ ನಾಣ್ಯವಾದರೆ ಪಿಸಿಜಿಎಸ್, ಎನ್‌ಜಿಸಿಯಂಥ ಸಂಸ್ಥೆಗಳು ಪರೀಕ್ಷಿಸಿ ಡಬ್ಬಿಯಲ್ಲಿ ಸೀಲ್ ಮಾಡಿದ್ದನ್ನೇ ಕೊಳ್ಳಿ. ದುಡ್ಡು ಕೊಡುವ ಮೊದಲು ಡಬ್ಬಿಯ ನಂಬರನ್ನು ಅವರ ವೆಬ್‌ಸೈಟಿನಲ್ಲಿ ಹಾಕಿ, ಚಿತ್ರವಿದ್ದರೆ ಕೈಯಲ್ಲಿರುವ ನಾಣ್ಯದ ಗೀರುಗಳ ಜೊತೆ ಹೋಲಿಸಿ.